ಹೊಲದಾಗಿನ ಕೆಂಪು ಗೆರಿ

ನವೆಂಬರ್ 17, ಸೋಮವಾರ. ಊಟದ ಹೊತ್ತು

ಮತ್ತ ತಾಡಪತ್ರಿ. ಬೆಳಗಿಂದ ಇದ ಕತಿ. ನೀಲಿ ತಾಡಪತ್ರಿ ಹೊದಿಸಿದ ಮೇವಿನ ಬಣವಿ ಕಂಡ್ರ ಸಾಕು, ಮಷಿನ್ ಡ್ರೋನ್ ಫೋಟೋದ ಮ್ಯಾಲ ಅದರ ಸುತ್ತ ಕೆಂಪು ಗೆರಿ ಹೊಡದು ಬಿಲ್ಡಿಂಗ್ ಅಂತೈತಿ. ದ್ರಾಕ್ಷಿ ಒಣಗಿಸಿ ಮಣೂಕ ಮಾಡೋ ಶೆಡ್ ಕಂಡ್ರೂ ಬಿಲ್ಡಿಂಗ್. ಕೃಷಿ ಹೊಂಡದ ಪ್ಲಾಸ್ಟಿಕ್ ಕಂಡ್ರೂ ಬಿಲ್ಡಿಂಗ್. ಖರೇ ಮನಿ — ಮಣ್ಣಿನ ಚಾವಣಿ ಹಾಕಿದ ಮಾಳಗಿ ಮನಿ — ಬಂದ್ರ ಮಾತ್ರ ಸುಮ್ಮನ ದಾಟಿ ಹೋಗ್ತೈತಿ. ನೆಲದ ಬಣ್ಣ, ಮಾಳಗಿ ಬಣ್ಣ ಎರಡೂ ಒಂದ. ಅದಕ್ಕರೆ ಹೆಂಗ ಗೊತ್ತಾಗಬೇಕು, ಪಾಪ.

ಹೋದ ವರ್ಷ ಈ ಆಫೀಸಿಗೆ ಸೇರಿದಾಗ ಎಲ್ಲಾ ಕೈಯಿಂದ ಮಾಡ್ತಿದ್ವಿ. ಡ್ರೋನ್ ತಗದ ಫೋಟೋ ತೆರಿಯೂದು, ಚಾವಣಿಯ ಮೂಲಿ ಮೂಲಿಗೆ ಕ್ಲಿಕ್ ಮಾಡೂದು. ಸಾವಿರಾರು ಮನಿ. ಅದನ್ನ ನೋಡಿ ನೋಡಿ ಮಷಿನ್ ಕಲೀತು. ಡೀಪ್ ಲರ್ನಿಂಗ್ ಅಂತಾರ. ಈಗ ಗೆರಿ ಅದ ಹಾಕ್ತೈತಿ, ನಾವು ಹೌದು–ಅಲ್ಲ ಅಂತೀವಿ. ನಮ್ಮ ಹೌದು–ಅಲ್ಲ ಮತ್ತ ವಾಪಸ್ ಹೋಗಿ ಅದಕ್ಕ ಪಾಠ ಆಗ್ತೈತಿ. ಗೆಸ್ಟ್ ಟೀಚರ್ ಕೆಲಸ ಬಿಟ್ಟು ಬಂದ್ರೂ ಕಲಿಸೂದು ಬಿಡಲಿಲ್ಲ ನಂಗ.

ಇವತ್ತಿನಿಂದ ಬಸವನ ಬಾಗೇವಾಡಿ ತಾಲ್ಲೂಕು ಶುರು. ನಮ್ಮ ಟೀಮ್ ಲೀಡ್ ಸಗೀರಾ — ನನಗಿಂತ ಸಣ್ಣಾಕಿ, ಆದ್ರ ಕೆಲಸದಾಗ ಬಲು ಕಟ್ಟುನಿಟ್ಟು — ಡಿಸೆಂಬರ್ ಮೊದಲ ವಾರ ಮುಗೀಬೇಕು ಅಂದಾಳ. ನಕಾಶಿ ಪಂಚಾಯ್ತಿಗೋಳಿಗೆ ಹೋಗ್ತೈತಿ. ಅವರು ಬಂದು ಕಣ್ಣಾರೆ ನೋಡಿ, ನಂಬರ್ ಇಲ್ಲದ ಮನಿಗೆ ನಂಬರ್ ಕೊಡ್ತಾರ.

ಕಣ್ಣು ಉರಿ. ಎದ್ದು ಎದ್ದು ನೀರು ಕುಡದ್ನಿ. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಾರ್ನ್ ಎಲ್ಲಾ ಈ ಕಿಡಕ್ಯಾಗ ಬಂದು ಕುಂಡ್ರತಾವ. ಕುಂತಲ್ಲಿ ಕುಂಡ್ರಾಕ ಆಗವಲ್ದು. ಎಳ್ಳ ಅಮಾಸಿ, ಎಲ್ಲಾರೂ ಹೊಲಕ್ಕ ಹೋಗಿ ಉಣ್ಣೂ ಹಬ್ಬ, ಮುಂದಿನ ತಿಂಗಳ ಬಂತು, ತವರಿಂದ ಅಣ್ಣನ ಫೋನ್ ಇಲ್ಲ. ಹೋದ ವರ್ಷನೂ ಹೊಲಕ್ಕ ಕರಕೊಂಡು ಹೋಗಲಿಲ್ಲ. ದಾರಿ ಕೆಸರು ಐತಿ ಅಂತ ಮನ್ಯಾಗ ಊಟ ಹಾಕಿ ಕಳಸಿದ. ಅಂಥಾ ಚಳಿಗಾಲದಾಗ ಎಲ್ಲಿ ಕೆಸರು?


ನವೆಂಬರ್ 19, ಬುಧವಾರ

ಮನಗೂಳಿ ಬಂತು ಇವತ್ತ. ನನ್ನ ತವರೂರು.

ಮ್ಯಾಲಿಂದ ನೋಡಿದ್ರ ಮೊದಲ ಗುರ್ತ ಹತ್ತಲಿಲ್ಲ. ಆಮ್ಯಾಲ ಡಾಂಬರ್ ರಸ್ತಾ ಹಿಡದು ಹೊಂಟ್ನಿ, ಸೊಟ್ಟ ತಿರುವು ಸಿಕ್ತು, ಬಾವಿ ಸಿಕ್ತು — ಕರೀ ಗುಂಡು ತೂತಿನಂಗ — ಅದರ ಮಗ್ಗಲದಾಗ ಎರಡು ಬೇವಿನ ಗಿಡ. ನಮ್ಮ ಹೊಲ! ಕುರ್ಚಿ ಮ್ಯಾಲ ಕುಂತಾಕಿ ಒಬ್ಬಾಕಿನ ನಕ್ಕೆ. ಅಪ್ಪ ಆ ಗಿಡದ ಬುಡಕ್ಕ ಮಕ್ಕೊಂತಿದ್ದ, ನಾನೂ ತಂಗಿ ದಾನೇಶ್ವರಿನೂ ಅವನ ಟೊಪ್ಪಿಗಿ ಕದ್ದು ಓಡತಿದ್ವಿ.

ಆ ಗಿಡಗಳ ಆಚೆ ಕೆಂಪು ಗೆರಿ. ಬಿಲ್ಡಿಂಗ್. ನೂರಕ್ಕ ತೊಂಬತ್ತನಾಕು ಖಾತ್ರಿ ಅಂತೈತಿ ಮಷಿನ್.

ಅಲ್ಲಿ ಏನಿಲ್ಲ. ಎಂದೂ ಇರಲಿಲ್ಲ. ಬಣವಿ ಇರಬೇಕು ಅಂದ್ಕೊಂಡ್ನಿ, ಮೌಸ್ 'ಅಲ್ಲ' ಮ್ಯಾಲ ಹೋಗೇ ಬಿಟ್ಟಿತ್ತು. ಆದ್ರ ನೆರಳು… ಬಣವಿ ನೆರಳು ದುಂಡಗ ಬೀಳ್ತೈತಿ. ಇದು ಕತ್ತರಿಯಿಂದ ಕತ್ತರಿಸಿದಂಗ ನೆಟ್ಟಗ. ದೊಡ್ಡದು ಮಾಡಿದ್ನಿ. ಚಾವಣಿ ಮ್ಯಾಲ ಕರೀ ನೀರಿನ ಟಾಕಿ. ಮಗ್ಗಲಕ್ಕ ಚಾವಣಿಗೆ ಹತ್ತೂ ಪಾವಟಿಗಿ.

ಆಮ್ಯಾಲ ನೋಡೂಣು ಅಂತ ಹೋಲ್ಡ್ ಒತ್ತಿ ಬಿಟ್ಟೆ. ಸಂಜಿಗೆ ಅಣ್ಣಗ ಫೋನ್.

"ಅಣ್ಣಾ, ನಮ್ಮ ಹೊಲದಾಗ ಏನರೆ ಕಟ್ಟೀಯೇನು?"

"ಏನ ಕಟ್ಟಲಿ? ಯಾರ ಹೇಳಿದ್ರು?"

"ನಮ್ಮ ಆಫೀಸ್ ಫೋಟೋದಾಗ ಕಾಣಾಕತ್ತೈತಿ. ಜನವರ್ಯಾಗ ತಗದದ್ದು."

ನಮ್ಮಣ್ಣ ಗುರುಲಿಂಗಪ್ಪ ಅಂದ್ರ ಊರಾಗ ಮಾತಿಗೆ ನಿಂತಾವ, ಅಂಥಾವ ಮಾತು ತಡವರಿಸಿದ.

"ಬಣವಿ ಇದ್ದೀತು," ಅಂದ.

"ಬಣವಿ ಮ್ಯಾಲ ನೀರಿನ ಟಾಕಿ ಇಡತಾರೇನು?"

"ಹಾಂ… ಪಂಪ್‌ಸೆಟ್ಟಿನ ಶೆಡ್ಡು ಅದು. ಫೋನ್ ಇಡ್ಲಿ? ದನ ಕರಿಯಾಕತ್ತಾವ."


ನವೆಂಬರ್ 20. ಬೆಳಿಗ್ಗೆ

ಮೊದಲ ಬಣವಿ ಅಂದ, ಆಮ್ಯಾಲ ಶೆಡ್ಡು ಅಂದ. ಪಂಪ್‌ಸೆಟ್ಟು ಬಾವಿ ದಂಡಿಗೆ ಐತಿ, ಅಲ್ಲಿ ಅಲ್ಲ.

ಹಾಲು ಉಕ್ಕಿಸಿದ್ನಿ. ಅತ್ತಿ ಬಂದು ಒಲಿ ಆರಿಸಿದ್ರು.


ನವೆಂಬರ್ 22, ಶನಿವಾರ

ಮತ್ತ ತೆರದು ನೋಡಿದ್ನಿ ಆ ಫೋಟೋ. ಕೆಲಸಾ ಬಿಟ್ಟು. ಹಗ್ಗದ ಮ್ಯಾಲ ಒಗದ ಅರಬಿ ಒಣಗಾಕ ಹಾಕ್ಯಾರ. ಉದ್ದಕ ಹಸಿರದ್ದೊಂದು — ಸೀರಿನ ಅದು. ಬಾಗಲ ಮುಂದ ಬೆಳ್ಳಗ ಒಂದು ಚುಕ್ಕಿ, ರಂಗೋಲಿ ಇದ್ದಂಗ ಐತಿ. ಶೆಡ್ಡಿಗೆ ಯಾರ ರಂಗೋಲಿ ಹಾಕ್ತಾರ?

ಹೊಲದಾಗ ಒಬ್ಬಾಕಿ ಹೆಣಮಗಳು ಅದಾಳ. ಅಣ್ಣ ಮುಚ್ಚಿಡಾಕತ್ತಾನ.

ಬರಿಯಾಕ ಕೈ ಬರವಲ್ದು. ಆದ್ರ ಬ್ಯಾರೆ ಏನು ತಿಳ್ಕೊಬೇಕು? ವೈನಿ, ಅಣ್ಣನ ಹೆಂಡ್ತಿ, ಮುಂಜಾನೆಯಿಂದ ಸಂಜಿತನಕ ಆ ಮನಿ ಸಲುವಾಗಿ ದುಡೀತಾಳ. ಆಕಿಗೆ ಗೊತ್ತೈತೋ ಇಲ್ಲೋ. ಅವ್ವಗ? ಅವ್ವ ಇತ್ತೀಚಿಗೆ ಫೋನ್ ಮಾಡಿದಾಗೆಲ್ಲ "ಹೊಲಕ್ಕ ಹೋಗಿದ್ನಿ" ಅಂತಾಳ, ದನಿಯೊಳಗ ಒಂಥರಾ ಖುಷಿ. ಮೊಣಕಾಲಿನ ಗುಳಿಗಿ ಹತ್ತಿರಬೇಕು ಅಂದ್ಕೊಂಡಿದ್ನಿ.

ಊಟಕ್ಕ ಕುಂತಾಗ ಇವ್ರು ಕೇಳಿದ್ರು — "ಯಾಕ, ಎರಡು ದಿನದಿಂದ ಎಲ್ಲೋ ಅದೀಯಲ್ಲ?" ಬಾಯಿಗೆ ಬಂದು ಬಿಟ್ಟಿತು. ಅಣ್ಣ ಹೊಲದಾಗ ಏನೋ ಕಟ್ಟ್ಯಾನ, ಕೇಳಿದ್ರ ಹೇಳವಲ್ಲ ಅಂದ್ನಿ. ಇವ್ರು ತಾಟಿನಿಂದ ತಲಿ ಎತ್ತಲಿಲ್ಲ. "ಗೊಬ್ಬರದ ಗೋದಾಮ ಇರಬೇಕು. ನನ್ನ ಅಂಗಡ್ಯಾಗ ತಗೊಳ್ಳೂದು ಬಿಟ್ಟಾನ, ಬಾಗೇವಾಡ್ಯಾಗ ಹೋಲ್‌ಸೇಲ್ ತರತಿರಬೇಕು" ಅಂದು ನಕ್ರು.

ನಾ ಯಾಕ ಬಾಯಿ ಬಿಟ್ಟೆ…


ನವೆಂಬರ್ 30, ಭಾನುವಾರ. ಸಂಜಿ, ವಾಪಸ್ ಬಂದ ಮ್ಯಾಲ

ಹೋಗಿ ಬಂದ್ನಿ.

ಅತ್ತಿಗೆ ಆಫೀಸ್ ಕೆಲಸ ಐತ್ರಿ, ಬಾಗೇವಾಡಿಗೆ ಹೋಗಬೇಕು ಅಂದ್ನಿ. ಪೂರಾ ಸುಳ್ಳೂ ಅಲ್ಲ. ವಿಜಯಪುರದ ಬಸ್ ಹತ್ತಿ ಮನಗೂಳ್ಯಾಗ ಇಳದು, ಊರೊಳಗ ಹೋಗಲಿಲ್ಲ. ಸೀದಾ ಹೊಲದ ದಾರಿ. ಬಸ್ಸಿನ್ಯಾಗ ಪೂರಾ ದಾರಿ ಬೈಗಳು ಜೋಡಸ್ಕೊಂಡೇ ಹೋಗಿದ್ನಿ. ಆಕಿಗೆ ಏನನ್ನಬೇಕು, ಅಣ್ಣಗ ಏನನ್ನಬೇಕು, ವೈನಿಗೆ ಹೆಂಗ ಹೇಳಬೇಕು.

ಜ್ವಾಳ ಮೊಣಕಾಲಿನ ಮ್ಯಾಲ ಬಂದಾವ. ಬೇವಿನ ಗಿಡ ದಾಟಿದ್ನಿ. ಮನಿನ ಅದು. ಎರಡು ಖೋಲಿ, ಗಿಲಾವ ಮಾಡಿಲ್ಲ, ಸಿಮೆಂಟ್ ಇಟ್ಟಂಗಿ ಹಂಗ ಕಾಣ್ತಾವ. ಬಾಗಲಕ್ಕ ನೀಲಿ ಬಣ್ಣ. ಒಬ್ಬಾಕಿ ಬೆನ್ನು ಮಾಡಿ ಕುಂತು ಪಾತ್ರಿ ತಿಕ್ಕಾಕತ್ತಿದ್ಲು.

"ಏ ಬಾಯಿ, ಯಾರ ನೀ? ಯಾರ ಹೊಲದಾಗ ಕುಂತೀ?"

ತಿರುಗಿದ್ಲು.

"ಅಕ್ಕಾ," ಅಂದ್ಲು.

ದಾನಿ.

ನನ್ನ ತಂಗಿ ದಾನೇಶ್ವರಿ. ಏಳು ವರ್ಷದ ಮ್ಯಾಲ. ಕೈತುಂಬ ಬೂದಿ. ತೆಳ್ಳಗಾಗ್ಯಾಳ. ಹಂಗ ನಿಂತ್ವಿ ಇಬ್ಬರೂ. ಜೋಡಿಸಿದ ಬೈಗಳು ಎಲ್ಲಿ ಹೋದ್ವೋ. ಒಳಗಿಂದ ಅವ್ವನ ದನಿ ಬಂತು — "ಯಾರಬೇ ಅದು?" — ಹೊರಗ ಬಂದು ನನ್ನ ನೋಡಿದ್ಲು. ಗಾಬರಿ ಆಗಲಿಲ್ಲ ನಮ್ಮವ್ವ. ಬಾಗಲ ಹಿಡಕೊಂಡು ಅಂದ್ಲು:

"ಬಂದ್ಯಾ? ಕುಂಡ್ರು. ಚಾ ಕುಡಿ. ಆಮ್ಯಾಲ ಬೈ."

ಅಳಾಕ ಹತ್ತಿದ್ನಿ ನಾನು. ನಿಂತಲ್ಲೇ. ದಾನಿ ಬೂದಿ ಕೈಯಿಂದನ ನನ್ನ ಹಿಡಕೊಂಡ್ಲು. ನನ್ನ ಸೀರಿಗೆಲ್ಲ ಬೂದಿ.

ದಾನಿ ಇಂಡಿ ಕಡೆ ಅಗರಖೇಡದ ಧರ್ಮರಾಜನ್ನ ಮದುವಿ ಆದಾಗ ಏನೇನಾತು ಅಂತ ಬರಿಯಾಕ ಬ್ಯಾಡಾಗೈತಿ. ಅವರು ಬೌದ್ಧರು. ಅಷ್ಟ ಸಾಕಿತ್ತು ಎಲ್ಲಾರಿಗೂ. ನನ್ನ ಅತ್ತಿ–ಮಾವ ಮನಗೂಳಿಗೆ ಬಂದು ಕಟ್ಟಿ ಮ್ಯಾಲ ಕುಂತು ಹೇಳಿದ್ರು: ಆಕಿ ಮತ್ತ ಈ ಮನಿಯವ್ರ ಕೂಡ ಸೇರಿದ್ರ, ನಮ್ಮ ಸೊಸಿ ಇಲ್ಲಿ ಕಾಲಿಡಂಗಿಲ್ಲ. ಅಣ್ಣ ಮಾತು ಕೊಟ್ಟ. ನಾ ಆಮ್ಯಾಲ ದಾನಿಗೆ ಫೋನ್ ಹಚ್ಚಿದ್ನಿ, ಆ ನಂಬರ್ ಬಂದ್ ಆಗಿತ್ತು. ಮಾವ ತೀರಿ ಹೋದ್ರು, ಅಪ್ಪ ತೀರಿ ಹೋದ, ಮಾತು ಮಾತ್ರ ಹಂಗ ಉಳೀತು.

"ನೀ ಯಾವಾಗ ಬಂದಿ ಇಲ್ಲಿ?"

"ಎರಡು ವರ್ಷ ಆತು ಅಕ್ಕಾ. ಇವರು ಮಾಸ್ತರ ಅಲ್ಲೇನು, ಈ ಕಡೆ ಸಾಲಿಗೆ ವರ್ಗ ಆತು. ಮನಗೂಳ್ಯಾಗ ಮನಿ ಕೇಳಿದ್ವಿ, ಬಾಗೇವಾಡ್ಯಾಗ ಕೇಳಿದ್ವಿ. ಪೂರಾ ಹೆಸರು ಕೇಳೂತನಕ ಮನಿ ಖಾಲಿ ಇರ್ತಿದ್ವು."

ಅವ್ವ ಚಾ ಸೋಸಾಕತ್ತಿದ್ಲು. ನಮ್ಮವ್ವ ಲಕ್ಕವ್ವ ಅಂದ್ರ ಊರಾಗ ಮೆತ್ತನ ಹೆಣಮಗಳು ಅಂತಾರ. ಆಕಿ ಹೇಳಿದ ಕತಿ ಕೇಳಿದ್ರ ಯಾರೂ ನಂಬಂಗಿಲ್ಲ. "ನಿಮ್ಮಪ್ಪ ಸಾಯೂ ಮುಂದ ದಾನಿಗೂ ಹೊಲದಾಗ ಪಾಲು ಅಂತ ಹೇಳಿದ್ದ. ನಿಮ್ಮಣ್ಣ ಹೂಂ ಅಂದು ಕುಂತುಬಿಟ್ಟ. ನಾ ಬಂದು ಇಲ್ಲಿ ಗಿಡದ ಬುಡಕ್ಕ ಕುಂತ್ನಿ. ಮನಿಗಿ ಬರಂಗಿಲ್ಲ ಅಂದ್ನಿ. ಮಳಿ ಬಂತು, ಏಳಲಿಲ್ಲ. ಊರ ಮಂದಿ ನೋಡಾಕ ಹತ್ತಿದ್ರು. ಆಗ ಇಟ್ಟಂಗಿ ತರಿಸಿದ."

"ನಂಗೊಬ್ಬಾಕಿಗೆ ಯಾಕ ಹೇಳಲಿಲ್ಲವ್ವಾ?"

"ಹೇಳಿದ್ರ ದಿನಾ ನಿಮ್ಮತ್ತಿ ಮುಂದ ಸುಳ್ಳು ಹೇಳಬೇಕಿತ್ತು ನೀನು. ನಿನ್ನ ಮಾರಿ ಮ್ಯಾಲ ಸುಳ್ಳು ನಿಲ್ಲಂಗಿಲ್ಲ. ತವರು ತಪ್ಪತಿತ್ತು ನಿಂಗ."

"ನನ್ನ ಕೇಳಬೇಕಿತ್ತಿಲ್ಲೋ!" ಜೋರಾಗಿ ಅಂದುಬಿಟ್ಟೆ. ಬಾಗಲದಾಗ ಒಂದು ಹುಡುಗಿ ನಿಂತಿತ್ತು, ಐದು ವರ್ಷದ್ದಿರಬೇಕು, ಬೆದರಿ ನಮ್ಮವ್ವನ ಸೆರಗಿನ್ಯಾಗ ಹೊಕ್ಕಿತು. ದಾನಿ ಮಗಳು. ಸಂಘಮಿತ್ರಾ. ನಮ್ಮಪ್ಪನ ಮೂಗು. ನಾ ಆಕಿನ್ನ ನೋಡಿದ್ದು ಇವತ್ತ ಮೊದಲ.

ಗೋಡಿ ಮ್ಯಾಲ ಬುದ್ಧನ ಫೋಟೋ, ಅದರ ಪಕ್ಕದಾಗ ಅಪ್ಪನ ಫೋಟೋ. ಟೊಪ್ಪಿಗಿ ಹಾಕ್ಕೊಂಡದ್ದು.

ಧರ್ಮರಾಜ ಕಾಯಿಪಲ್ಲೆ ತಗೊಂಡು ಬಂದ್ರು. ನನ್ನ ಕಂಡು ಗಾಡಿ ಆಫ್ ಮಾಡೂದು ಮರತ್ರು. "ಅಕ್ಕಾರ, ಬರ್ರಿ" ಅಂದ್ರು — ನಾ ಆಗಲೇ ಒಳಗ ಕುಂತು ಚಾ ಕುಡ್ಯಾಕತ್ತಿದ್ದೆ. ಎಲ್ಲಾರೂ ನಕ್ವಿ. ಅಷ್ಟು ಹೊತ್ತಿನ ಮ್ಯಾಲ ಮೊದಲ ನಗಿ.

ನಾ ಹೆಂಗ ಪತ್ತೆ ಹಚ್ಚಿದ್ನಿ ಅಂತ ಹೇಳಿದ್ನಿ. ಡ್ರೋನು, ಮಷಿನ್ನು, ಕೆಂಪು ಗೆರಿ. ದಾನಿ ಕಣ್ಣು ಅಗಲ ಮಾಡಿ ಕೇಳಿದ್ಲು.

"ಮ್ಯಾಲಿಂದ ಹೆಂಗ ಕಾಣ್ತೈತಿ ನಮ್ಮ ಮನಿ?"

"ಟಾಕಿ ಕಾಣ್ತೈತಿ. ಅರಬಿ ಕಾಣ್ತಾವ. ನಿನ್ನ ಹಸಿರು ಸೀರಿ ಕಾಣ್ತೈತಿ."

"ನಾ ಕಾಣ್ತೇನಿ?"

"ಇಲ್ಲ."

"ಮತ್ತ ಏನಂತ ಬರದಿ ಅದಕ್ಕ?"

"ಇನ್ನೂ ಬರದಿಲ್ಲ. ಅಣ್ಣ ಬಣವಿ ಅಂದಾನ."

ದಾನಿ ನಗಿ ನಿಂತು ಹೋತು. ಧರ್ಮರಾಜ ಹೇಳಿದ್ರು: "ನಂಬರ್ ಇಲ್ಲದ ಮನಿಗೆ ಮೀಟರ್ ಕೊಡಂಗಿಲ್ಲ ಅಂತಾರ್ರಿ ಅಕ್ಕಾರ. ಪಂಪಿನ ಲೈನಿನಿಂದ ಒಂದು ಬಲ್ಬ್ ಹಚ್ಚೀವಿ. ತ್ರೀ ಫೇಸ್ ಹೋದ್ರ ಅದೂ ಇಲ್ಲ. ನಂಬರಿಗೆ ಅರ್ಜಿ ಕೊಡೂಣ ಅಂದ್ರ ಗುರುಲಿಂಗಪ್ಪಣ್ಣ ಮುಂದಿನ ವರ್ಷ, ಮುಂದಿನ ವರ್ಷ ಅಂತಾರ. ಮಗಳು ಮುಂದಿನ ಜೂನಿಗೆ ಒಂದನೇ ಕ್ಲಾಸಿಗೆ ಹೋಗ್ತಾಳ. ವಿಳಾಸ ಏನಂತ ಬರಸ್ಲಿ? ಬೇವಿನ ಗಿಡದ ಹತ್ರ ಅಂತನೋ?"

ಹೊರಡೂ ಮುಂದ ದಾನಿ ದಾರಿತನಕ ಬಂದ್ಲು. ಡಾಂಬರ್ ರಸ್ತಾ ಕಂಡ ಕೂಡ್ಲೆ ನಿಂತ್ಲು. ಮುಂದ ಬರಲಿಲ್ಲ. ರೂಢಿ ಆಗೈತಿ ಆಕಿಗೆ, ಎಲ್ಲಿತನಕ ಬರಬೇಕು ಅಂತ.

"ಅಕ್ಕಾ, ಬಣವಿ ಅಂತ ಬರೀಬ್ಯಾಡ. ನಿನ್ನ ತವರಿಗೆ ತೊಂದರಿ ಆಗ್ತೈತಂದ್ರ ಏನೂ ಬರೀಬ್ಯಾಡ, ಬಿಟ್ಟುಬಿಡು. ಆದ್ರ ಬಣವಿ ಅಂತ ಬರೀಬ್ಯಾಡ."


ಡಿಸೆಂಬರ್ 1, ಸೋಮವಾರ

ಹಲ್ಲು ಉಜ್ಜೂತನಕಾನೂ ತಡೀಲಿಲ್ಲ ಅಣ್ಣ. ಹಿತ್ತಲಕ್ಕ ಹೋಗಿ ಫೋನ್ ಎತ್ತಿದ್ನಿ.

"ಹೋಗಿದ್ಯಂತ."

"ಹೋಗಿದ್ನಿ."

"ಈಗ ಗೊತ್ತಾತಲ್ಲ. ಬಣವಿ ಅಂತ ಒತ್ತಿಬಿಡು ಜ್ಯೋತಿ. ಒಂದು ಗುಂಡಿ ಒತ್ತೂದು, ಅಷ್ಟ. ನಾ ನಿನ್ನ ಸಲುವಾಗಿ ಹೇಳಾಕತ್ತೇನಿ."

"ನನ್ನ ಸಲುವಾಗಿ ಅಷ್ಟನೋ?"

ದನ ಕರಿಯಾಕತ್ತಾವ ಅನ್ನಲಿಲ್ಲ ಈ ಸಲ. "ಊರಿಗೆಲ್ಲ ಗೊತ್ತೈತಿ ತಂಗಿ. ಗೊತ್ತಿದ್ದೂ ಯಾರೂ ಬಾಯಿ ಬಿಟ್ಟು ಅನ್ನಂಗಿಲ್ಲ. ನಾನೂ ಅನ್ನಂಗಿಲ್ಲ. ಹಂಗ ನಡದೈತಿ. ಪಂಚಾಯ್ತ್ಯಾವ್ರು ಟೇಪ್ ಹಿಡಕೊಂಡು ಬಂದು ಇದು ಯಾರ ಮನಿ ಅಂತ ಕೇಳಿದ್ರ, ನಾಕು ಮಂದಿ ಮುಂದ ನಾ ಹೇಳಬೇಕಾಗ್ತೈತಿ. ಏನಂತ ಹೇಳ್ಲಿ?"

"ಇದ್ದದ್ದು ಹೇಳು."

"ನಿಂಗ ಹಗುರ. ನೀ ಮುದ್ದೇಬಿಹಾಳದಾಗ ಅದೀ."

ಕಟ್ ಮಾಡಿದ. ಇಟ್ಟಂಗಿ ತರಿಸಿ ಮನಿ ಕಟ್ಟಿಸಿಕೊಟ್ಟಾವನೂ ಇವನ. ಅದು ಮನಿ ಅಂತ ಅನ್ನಾಕ ಬಾಯಿ ಬರದಾವನೂ ಇವನ. ಸಿಟ್ಟು ಬರ್ತೈತಿ, ಪಾಪ ಅನಸ್ತೈತಿ. ಎರಡೂ ಕೂಡೇ.

ಆಫೀಸ್‌ನ್ಯಾಗ ಇಡೀ ದಿನ ಸಿಂದಗಿ ಕಡೆ ಬಾಕಿ ಉಳದ ಫೋಟೋ ಮಾಡಿದ್ನಿ. ಮನಗೂಳಿ ತೆರೀಲಿಲ್ಲ.


ಡಿಸೆಂಬರ್ 3, ಬುಧವಾರ

ಸಗೀರಾ ಕುರ್ಚಿ ಎಳಕೊಂಡು ಮಗ್ಗಲದಾಗ ಕುಂತ್ಲು. "ಅಕ್ಕಾ, ಬ್ಯಾಚಿನ್ಯಾಗ ಒಂದ ಹೋಲ್ಡ್ ಐತಿ. ನಿಮ್ಮದು. ನಾಳೆ ಕಳಸಬೇಕು."

ಆಕಿ ಸ್ಕ್ರೀನ್ ನೋಡಿದ್ಲು, ನನ್ನ ನೋಡಿದ್ಲು. ಮನಗೂಳಿ ನನ್ನ ತವರು ಅಂತ ಆಕಿಗೆ ಗೊತ್ತು.

"ಮನಿಯವ್ರದೇನು? ನಾ ಮಾಡ್ಲಿ? ನಿಮ್ಮ ಹೆಸರಿಲೆ ಬ್ಯಾಡಂದ್ರ ನಂಗ ಹಾಕ್ರಿ."

"ಒಂದು ಮಾತು ಹೇಳು ಸಗೀರಾ. ಒಂದ ಒಂದು ತಪ್ಪು ಹೇಳಿದ್ರ ಏನರೆ ಆಗ್ತೈತೇನು ಮಷಿನಿಗೆ?"

"ಒಂದರಿಂದ ಏನಾಗ್ತೈತ್ರಿ, ಲಕ್ಷದಾಗ ಒಂದು." ತುಸು ವಿಚಾರ ಮಾಡಿದ್ಲು. "ಆದ್ರ ಇಂಥಾ ಹೊಲದಾಗಿನ ಒಂಟಿ ಮನಿ ನಮ್ಮ ಡೇಟಾದಾಗ ಭಾಳ ಕಮ್ಮಿ ಅದಾವ. ಕಮ್ಮಿ ಇದ್ದದ್ರಾಗ ನೀವೂ ಬಣವಿ ಅಂದ್ರ, ಅದು ಹಂಗ ಕಲೀತೈತಿ. ಮುಂದಿನ ಸಲ ಇನ್ನೊಬ್ರ ಮನಿ ಬಿಡ್ತೈತಿ."

ಆಕಿಗೆ ದಾನಿ ವಿಷಯ ಏನೂ ಗೊತ್ತಿಲ್ಲ. ಕೆಲಸದ ಮಾತು ಆಡಿ ಎದ್ದು ಹೋದ್ಲು.

ತೆರದ್ನಿ. ಮಷಿನ್ ಹಾಕಿದ ಗೆರಿ ಅರ್ಧಮರ್ಧ ಇತ್ತು. ಮೂಲಿ ದುಂಡಗ. ಹಿಂದಿನ ಬಚ್ಚಲ ಬಿಟ್ಟಿತ್ತು, ಬೇವಿನ ನೆರಳಿನಾಗ ಹೋದದ್ದಕ್ಕ. ನಾ ಹೋದ ಭಾನುವಾರ ಆ ಬಚ್ಚಲದಾಗ ನಿಂತು ಮಾರಿ ತೊಳಕೊಂಡು ಬಂದೀನಿ. ಗೆರಿ ಅಳಸಿ ಮೊದಲಿಂದ ಹಾಕಿದ್ನಿ. ಮುಂದಿನ ಖೋಲಿ ಮೂಲಿ. ಅಡಗಿ ಖೋಲಿ ಮೂಲಿ. ಬಚ್ಚಲ. ಪಾವಟಿಗಿ. ಎರಡು ಸಲ ತಪ್ಪಿತು, ಅಳಸಿದ್ನಿ. ಎಷ್ಟು ಮನಿ ಹಾಕೀನಿ ನಾ ಈ ಮೌಸಿನಿಂದ — ಒಂದರ ಒಳಗೂ ಯಾರದಾರ ಅಂತ ಗೊತ್ತಿರಲಿಲ್ಲ.

ಹೌದು. ಒತ್ತಿದ್ನಿ.

ಎದ್ದು ಹೋಗಿ ಸಂಡಾಸದಾಗ ನಿಂತು ಅತ್ತೆ. ಸಮಾಧಾನ ಆಗಿಲ್ಲ. ಆಗ್ತೈತಿ ಅಂದ್ಕೊಂಡಿದ್ನಿ. ಈಗ ಮನ್ಯಾಗ ಹೇಳಬೇಕು. ಬ್ಯಾರೆಯವ್ರಿಂದ ಗೊತ್ತಾಗೂ ಮೊದಲ ನಾನ ಹೇಳಬೇಕು.


ಡಿಸೆಂಬರ್ 4

ಇವ್ರಿಗೆ ಹೇಳಿದ್ನಿ. ಅಂಗಡಿಗೆ ಹೋಗಿ ಹೇಳಿದ್ನಿ, ಮನ್ಯಾಗ ಬಾಯಿ ಬರಲಿಲ್ಲ. ಬೀಜದ ಚೀಲ ಎಣಸಾಕತ್ತಿದ್ರು. ಎಣಕಿ ತಪ್ಪಿತು.

"ಮಾರ್ಕ್ ಮಾಡಿಬಿಟ್ಯಾ?"

"ಮಾಡಿದ್ನಿ."

"ನನ್ನ ಒಂದು ಮಾತು ಕೇಳಬೇಕಿತ್ತಿಲ್ಲೋ?"

ಅವ್ವನ ಮುಂದ ನಾ ಆಡಿದ ಮಾತ ಅದು. ಒಬ್ಬ ಗಿರಾಕಿ ಬಂದ. ಇವ್ರು ಆ ಕಡೆ ತಿರುಗಿದ್ರು.


ಡಿಸೆಂಬರ್ 5, ಶುಕ್ರವಾರ

ಅತ್ತಿಗೆ ನಾನ ಹೇಳಿದ್ನಿ. ಇವ್ರು ಹೇಳ್ತೇನಿ ಅಂದ್ರು, ಬ್ಯಾಡ ಅಂದ್ನಿ. ಅತ್ತಿ ತೊಗರಿ ಕೇರಾಕತ್ತಿದ್ರು. ಕೈಯಾಗಿನ ಮೊರ ನಿಲ್ಲಲಿಲ್ಲ.

"ಹಂಗಾರ ತವರು ಮರತುಬಿಡು," ಅಂದ್ರು.

"ಮರಿಯಂಗಿಲ್ರಿ ಅತ್ತಿ."

ಹದಿನಾಲ್ಕು ವರ್ಷದಾಗ ಅವ್ರಿಗೆ ಎದುರು ಮಾತಾಡಿದ್ದು ಇದ ಮೊದಲ. ಮೊರ ನಿಂತಿತು. ನನ್ನ ಮಾರಿ ನೋಡಿದ್ರು. ಬೈತಾರ ಅಂದ್ಕೊಂಡ್ನಿ. ಬೈದಿದ್ರ ಚೊಲೋ ಇತ್ತು. "ಸಂಗಮೇಶಾ," ಅಂತ ಮಗನ್ನ ಕರದು, "ನಂಗ ಇವತ್ತ ಊಟ ಬ್ಯಾಡ" ಅಂದ್ರು.


ಡಿಸೆಂಬರ್ 9

ಅತ್ತಿ ತಮ್ಮಷ್ಟಕ್ಕ ತಾವ ರೊಟ್ಟಿ ಬಡ್ಕೊಳ್ಳಾಕತ್ತಾರ. ನಾ ಮಾಡಿದ್ದು ಮುಟ್ಟಂಗಿಲ್ಲ. ಇವ್ರು ಇಬ್ರ ಕೈದೂ ತಿಂತಾರ. ಎರಡೆರಡು ಸಲ ಊಟ.

ಅಣ್ಣನ ಫೋನ್ ಇಲ್ಲ. ಹಚ್ಚಿದ್ರ ಎತ್ತವಲ್ಲ.

ಕೈಯಾಗಿಂದು ಎಲ್ಲಾ ಬೀಳಾಕತ್ತಾವ. ಇವತ್ತ ಆಫೀಸ್‌ನ್ಯಾಗ ನಿಡಗುಂದಿ ಕಡೆ ಒಂದು ದನದ ಕೊಟ್ಟಿಗಿಗೆ ಹೌದು ಅಂದು, ಮತ್ತ ಅಳಸಿ, ಮತ್ತ ಹೌದು ಅಂದು… ಸಗೀರಾ ಮನಿಗಿ ಹೋಗ್ರಿ ಅಂದ್ಲು. ಮನಿಗಿ ಹೋಗಾಕ ಮನಸಿಲ್ಲ ಅಂತ ಹೆಂಗ ಹೇಳೂದು ಆಕಿಗೆ?

ತಪ್ಪು ಮಾಡಿದ್ನೇನು? ಇಲ್ಲ. ಆದ್ರ ದಿನಾ ಮತ್ತ ಅದನ್ನ ಕೇಳ್ಕೊಂತೇನಿ.


ಡಿಸೆಂಬರ್ 15, ಸೋಮವಾರ

ದಾನಿ ಫೋನ್. ಮಾತಿಗಿಂತ ಅಳು ಜಾಸ್ತಿ. ಮೊದಲ ಹೆದರಿದ್ನಿ.

ಪಂಚಾಯ್ತಿಯಿಂದ ಇಬ್ಬರು ಬಂದಿದ್ರಂತ, ಟೇಪ್ ಹಿಡಕೊಂಡು. ಇಷ್ಟು ಲಗೂ ಬರ್ತಾರ ಅಂತ ಅಂದ್ಕೊಂಡಿರಲಿಲ್ಲ ನಾ. ಧರ್ಮರಾಜ ಸಾಲ್ಯಾಗ. ಹೊಲ ಅಣ್ಣನ ಹೆಸರಿಲೆ ಇರೂದಕ್ಕ ಅವನ್ನ ಕರಸಿದ್ರು. ಅವನ ಹಿಂದ ಬಾಜೂ ಹೊಲದವ್ರು, ಮತ್ತ ಮೂರ್ನಾಕು ಮಂದಿ ನೋಡಾಕ ಬಂದು ನಿಂತ್ರಂತ. ದಾನಿ ಒಳಗ ಕದ ಮುಂದ ಮಾಡಿ ಕುಂತಿದ್ಲು.

ಬಂದಾವ ಕೇಳಿದ — "ಯಾರದ್ರಿ ಇದು ಮನಿ?"

ಅಣ್ಣ ನೆಲಾ ನೋಡಿದನಂತ. ಬಂದಾವ ಮತ್ತ ಕೇಳಿದ — ಯಜಮಾನ್ರ, ಏನಂತ ಬರಕೊಳ್ಳಿ? ಗೋದಾಮ ಅನ್ಲಿ? ಬಾಜೂ ಹೊಲದಾವ ನಕ್ಕನಂತ. ಸಣ್ಣಗ, ಮೂಗಿನ್ಯಾಗ.

"ಆ ನಗಿ ಕೇಳಿ ಅಣ್ಣಗ ಏನಾತೋ ಅಕ್ಕಾ," ದಾನಿ ಅಂದ್ಲು. "'ನನ್ನ ತಂಗಿ ಮನಿ' ಅಂದ. ಜೋರಾಗಿ ಅಂದ. 'ದಾನೇಶ್ವರಿ ಧರ್ಮರಾಜ ಅಂತ ಬರಕೋ' ಅಂದ. ಆಮ್ಯಾಲ ಬಾಗಲ ಬಡದು ನನ್ನ ಹೊರಗ ಕರದ, ಏ ದಾನಿ, ಬಂದವ್ರಿಗೆ ನೀರು ಕೊಡು ಅಂತ."

ನಾನೂ ಅತ್ತೆ. ಆಫೀಸಿನ ಮೆಟ್ಟಲದ ಮ್ಯಾಲ ನಿಂತು. ಹೋಗೂ ಬರೂ ಮಂದಿ ನೋಡಿದ್ರು, ನೋಡ್ಲಿ.

ಸಂಜಿಗೆ ಅಣ್ಣನ ಫೋನ್. ಎರಡ ಮಾತು. "ಅಮಾಸಿಗೆ ಬಾ. ಹೊಲಕ್ಕ ಬಾ." ನಾ ಹೂಂ ಅನ್ನೂದ್ರಾಗ ಇಟ್ಟುಬಿಟ್ಟ.


ಡಿಸೆಂಬರ್ 18, ಗುರುವಾರ

ಶೇಂಗಾ ಹೋಳಗಿ ಮಾಡಿದ್ನಿ, ಸಜ್ಜಿ ರೊಟ್ಟಿ ಕಟ್ಟಿದ್ನಿ. ಅತ್ತಿ ಅಡಗಿ ಮನಿ ಬಾಗಲಕ್ಕ ಬಂದು ನಿಂತ್ರು, ನೋಡಿದ್ರು, ಹೋದ್ರು. ತುಸು ಹೊತ್ತಿನ ಮ್ಯಾಲ ಮತ್ತ ಬಂದು, "ಹೋಳಗಿಗೆ ಎಳ್ಳು ಕಮ್ಮಿ ಆಗ್ಯಾವ" ಅಂದ್ರು. ಹದಿಮೂರು ದಿನದಾಗ ಅದ ಮೊದಲನೇ ಮಾತು.

ಇವ್ರು ಅಂಗಳದಾಗ ಗಾಡಿ ಒರಸಾಕತ್ತಿದ್ರು.

"ನಾಳೆ ಹೋಗ್ತೀಯೇನು?"

"ಹೋಗ್ತೇನಿ. ನೀವೂ ಬರ್ರಿ."

"ಅವ್ವ ಒಬ್ಬಾಕಿನ ಆಗ್ತಾಳ."

ಅಷ್ಟ. ಬ್ಯಾಡ ಅನ್ನಲಿಲ್ಲ. ಬರ್ತೇನಿ ಅಂತನೂ ಅನ್ನಲಿಲ್ಲ.


ಡಿಸೆಂಬರ್ 19, ಶುಕ್ರವಾರ. ಎಳ್ಳ ಅಮಾಸಿ. ಮಧ್ಯಾಹ್ನ

ಮೊಬೈಲ್‌ನ್ಯಾಗ ಬರಿಯಾಕತ್ತೇನಿ. ದಾನಿ ಮನಿ ಪಾವಟಿಗಿ ಮ್ಯಾಲ ಕುಂತು. ಕುಂತ್ರ ಕುಂಡ್ರಾಕ ಆಗವಲ್ದು, ಅದಕ್ಕ ಬೆರಳಿಗೆ ಕೆಲಸ.

ಒಬ್ಬಾಕಿನ ಬಂದ್ನಿ ಬಸ್ಸಿಗೆ. ಊರ ದಾರಿಯಿಂದ ವೈನಿ, ಅವ್ವ, ಅಣ್ಣ ಬುಟ್ಟಿ ಹೊತ್ತು ಬಂದ್ರು. ಅಣ್ಣ ಬುಟ್ಟಿ ನನ್ನ ಕೈಯಾಗ ಕೊಟ್ಟ. ಧರ್ಮರಾಜ, ಅಣ್ಣ ಇಬ್ಬರೂ ಜ್ವಾಳದಾಗ ಹೊಕ್ಕು ಭೂಮಿತಾಯಿಗೆ ಎಡಿ ಅಂತ ಚರಗಾ ಚೆಲ್ಲಿದ್ರು. ಒಬ್ಬ ಕೂಗಿದ್ರ ಒಬ್ಬ ನೀರು ಚಿಮಕಸ್ತಿದ್ದ. ಬಾಜೂ ಹೊಲದಾವ ತನ್ನ ಬದುವಿನ ಮ್ಯಾಲ ನಿಂತು ನೋಡಿದ, ಅಣ್ಣ ಅವನ ಕಡೆನೂ ಒಂದು ಮುಟಗಿ ಚೆಲ್ಲಿದ.

ಊಟಕ್ಕ ಎಲಿ ಹಾಕಿದ್ವಿ. ಆಗ ಗಾಡಿ ಸಪ್ಪಳ.

ಇವ್ರು. ಹಿಂದ ಯಾರೂ ಇಲ್ಲ. ಅತ್ತಿ ಬಂದಿಲ್ಲ. ನಾ ಎದ್ದು ಹೋದ್ನಿ.

"ಅತ್ತಿ ಕಳಸ್ಯಾರೇನು?"

"ಕಳಸಿಲ್ಲ. ಹೋಗಬ್ಯಾಡ ಅಂತನೂ ಅನ್ನಲಿಲ್ಲ."

ಬೇವಿನ ಗಿಡದ ಬುಡಕ್ಕ ಗಾಡಿ ಹಚ್ಚಿ ಅಲ್ಲೇ ಕುಂತ್ರು. ಅಣ್ಣ ಹೋಗಿ ಕರದ, ಇಲ್ಲೇ ಚೊಲೋ ಐತಿ ನೆರಳು ಅಂದ್ರು. ಊಟ ಅಲ್ಲಿಗೇ ಕಳಿಸಿದ್ವಿ. ಉಂಡ್ರು. ಧರ್ಮರಾಜ ನೀರು ತಗೊಂಡು ಹೋದ್ರು, ಕುಡದ್ರು. ಎರಡು ಮಾತೂ ಆಡಿದ್ರು, ಜ್ವಾಳದ ಸುದ್ದಿ ಇರಬೇಕು. ಇಬ್ಬರೂ ಜ್ವಾಳದ ಕಡೆ ನೋಡ್ಕೋತ ಮಾತಾಡಾಕತ್ತಿದ್ರು, ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.

ಈಗ ಎಲ್ಲಾರೂ ಒಳಗ ಅದಾರ. ದಾನಿ ಚಾ ಇಟ್ಟಾಳ. "ಅಕ್ಕಾ, ಸಂಗಮೇಶ ಮಾವಾರಿಗೆ ಚಾ ಅಲ್ಲೇ ಕೊಡಲ್ಯೋ?" ಅಂತ ಕೇಳಿದ್ಲು. ತಡಿ ಅಂದೀನಿ. ಯಾಕ ತಡಿ ಅಂದ್ನೋ ಗೊತ್ತಿಲ್ಲ. ಕರಿಯಾಕ ಹೋಗಂಗಿಲ್ಲ ನಾ. ಕರದ್ರ ನನ್ನ ಸಲುವಾಗಿ ಬಂದಂಗ ಆಗ್ತೈತಿ.

ಚಾ ಕುದಿಯೂ ವಾಸನಿ. ಅವ್ವ ಏನೋ ಅಂದ್ಲು, ವೈನಿ ನಕ್ಕಳು.

ಇವ್ರು ಎದ್ರು. ಧೋತ್ರದ ಧೂಳು ಝಾಡಿಸಿದ್ರು. ಗಾಡಿ ಕೀಲಿ ಕೈಯಾಗ ಐತಿ. ಗಾಡಿ ದಾಟಿದ್ರು… ಈ ಕಡೆನ, ಮನಿ ಬಾಗಲಕ್ಕ ಬರಾಕತ್ತಾರ.